ಗಟ್ಟಿಗಿತ್ತಿಯ ದಣಿವು

ಊರಿಗೊಬ್ಬಳಾದರೂ ಅಂಥ ಹೆಣ್ಣುಮಗಳು ಇದ್ದೇ ಇರುತ್ತಾಳೆ. ಜೇವರ್ಗಿಯಿಂದ ಬೇರ್ಪಟ್ಟು ಹೊಸ ತಾಲ್ಲೂಕಾದ ಯಡ್ರಾಮಿಯ ಯಾವ ಹಳ್ಳಿಗೆ ಹೋಗಿ ಕೇಳಿದರೂ ಜನ ಅವಳ ಮನೆಯತ್ತ ಕೈ ತೋರಿಸುತ್ತಾರೆ. ಓಣಿಯಲ್ಲಿ ಯಾರಿಗಾದರೂ ಹೆರಿಗೆ ನೋವು ಬಂದರೆ 108ಕ್ಕೆ ಫೋನ್ ಹಚ್ಚುವವಳು ಅವಳು. ಸಂಘದ ಲೆಕ್ಕದ ಪುಸ್ತಕ ಅವಳ ಟ್ರಂಕಿನಲ್ಲಿರುತ್ತದೆ. ಅತ್ತೆಯ ಸಕ್ಕರೆ ಕಾಯಿಲೆಯ ಗುಳಿಗೆ, ಮಗನ ಹಾಸ್ಟೆಲ್ ಅರ್ಜಿ, ರೇಷನ್ ಕಾರ್ಡಿಗೆ ಹೆಬ್ಬೆಟ್ಟು, ತೊಗರಿ ಹೊಲಕ್ಕೆ ಆಳು, ನಾದಿನಿಯ ಸೀಮಂತದ ಅಡುಗೆ, ಎಲ್ಲವೂ ಅವಳ ತಲೆಯೊಳಗೆ ತಾರೀಖಿನ ಸಮೇತ ಇರುತ್ತವೆ. ಸಾವಿನ ಮನೆಯಲ್ಲಿ ಎಲ್ಲರೂ ಅಳುವಾಗ ಬಂದವರಿಗೆ ನೀರು ಕೊಡುವವಳೂ ಅವಳೇ. ಊರು ಅವಳನ್ನು ಗಟ್ಟಿಗಿತ್ತಿ ಅನ್ನುತ್ತದೆ. ‘ಆಕಿಗೇನ್ರಿ, ಹತ್ತು ಮಂದಿ ಕೆಲಸ ಒಬ್ಬಾಕೆ ಮಾಡ್ತಾಳ’ ಎಂಬ ಮಾತಿನಲ್ಲಿ ನಿಜವಾದ ಮೆಚ್ಚುಗೆ ಇದೆ. ಆದರೆ ಆ ಮೆಚ್ಚುಗೆ ಬಂದ ದಿನದಿಂದ ಆ ಹತ್ತು ಮಂದಿಯ ಕೆಲಸ ಅವಳಿಗೇ ಗಂಟುಬಿದ್ದಿರುತ್ತದೆ.

ಇಂಥ ಹೆಣ್ಣುಮಗಳು ಒಳಗೊಳಗೆ ಬರಿದಾಗುತ್ತಿರುವುದು ಯಾರಿಗೂ ಕಾಣುವುದಿಲ್ಲ. ಕೆಲಸ ನಿಂತರೆ ತಾನೇ ಕಾಣುವುದು? ಅವಳ ಕೆಲಸ ನಿಲ್ಲುವುದೇ ಇಲ್ಲ. ರೊಟ್ಟಿ ಅದೇ ತೆಳ್ಳಗೆ ಬರುತ್ತದೆ, ಸಂಘದ ಕಂತು ಅದೇ ವಾರ ಕಟ್ಟಿರುತ್ತಾಳೆ. ಬದಲಾಗಿರುವುದು ಬೇರೆ. ರಾತ್ರಿ ಮಲಗಿದರೂ ಬೆಳಗಿಗೆ ಮೈ ಹಗುರಾಗಿರುವುದಿಲ್ಲ. ಮಗು ಬಂದು ತೊಡೆಯ ಮೇಲೆ ಕುಳಿತರೆ ಪ್ರೀತಿಗಿಂತ ಮೊದಲು ಸಿಟ್ಟು ಬರುತ್ತದೆ. ಮೊದಲು ಜಾತ್ರೆಯ ಹೆಸರು ಕೇಳಿದರೆ ಅರಳುತ್ತಿದ್ದ ಮುಖ ಈಗ ಎಷ್ಟು ಜನಕ್ಕೆ ಹೋಳಿಗೆ ಎಂದು ಲೆಕ್ಕ ಹಾಕುತ್ತದೆ. ಕೇಳಿದರೆ ‘ಏನಿಲ್ರಿ, ಸುಮ್ನ ಜೀವಕ್ಕ ಬ್ಯಾಸರ ಆಗ್ಯಾದ’ ಅನ್ನುತ್ತಾಳೆ, ಅಷ್ಟೇ. ಆ ಬೇಸರವನ್ನು ವೈದ್ಯರ ಮುಂದೆ ಹೇಳುವ ರೂಢಿ ಇಲ್ಲ. ಹೇಳುವುದು ತಲೆನೋವು, ಎದೆ ಉರಿ, ಕೈಕಾಲು ಜೋಮು, ಸೊಂಟ. ನಮ್ಮ ಕಡೆಯ ಸಣ್ಣ ದವಾಖಾನೆಗಳಲ್ಲಿ ಇದಕ್ಕೆ ಸಿಗುವ ಸಾಮಾನ್ಯ ಉಪಚಾರವೆಂದರೆ ಸಲೈನ್ ಬಾಟ್ಲಿ. ಹಚ್ಚಿಸಿಕೊಂಡು ಬಂದವಳು ಆರಾಮಾಯಿತು ಅನ್ನುತ್ತಾಳೆ, ಆರಾಮ ನಿಜವಾಗಿ ಆಗಿಯೂ ಇರುತ್ತದೆ. ಒಂದು ತಾಸು ಯಾರೂ ಕರೆಯದ ಹಾಗೆ, ಅಪರಾಧಿ ಅನ್ನಿಸದ ಹಾಗೆ, ಹಗಲು ಹೊತ್ತಿನಲ್ಲಿ ಮಲಗಲು ಅವಳಿಗೆ ಸಿಕ್ಕ ಒಂದೇ ಜಾಗ ಅದು. ಗುಣ ನೀರಿನದೋ ಆ ತಾಸಿನದೋ ಎಂದು ಯಾರಾದರೂ ಕೇಳಬೇಕಿತ್ತು.

ಈ ದಣಿವು ಸ್ವಭಾವದ ದೋಷವಲ್ಲ, ಅದಕ್ಕೆ ಲೆಕ್ಕವಿದೆ. 2019ರಲ್ಲಿ ರಾಷ್ಟ್ರೀಯ ಸಾಂಖ್ಯಿಕ ಕಚೇರಿ ದೇಶದಾದ್ಯಂತ ನಡೆಸಿದ ಸಮಯ ಬಳಕೆ ಸಮೀಕ್ಷೆಯಲ್ಲಿ, ಸಂಬಳವಿಲ್ಲದ ಮನೆಗೆಲಸಕ್ಕೆ ಹೆಂಗಸರು ಕೊಡುವುದು ದಿನಕ್ಕೆ ಸರಾಸರಿ 299 ನಿಮಿಷ, ಗಂಡಸರು 97 ಎಂದು ಕಂಡುಬಂತು. ಐದು ತಾಸು ಒಂದು ಕಡೆ, ಒಂದೂವರೆ ತಾಸು ಇನ್ನೊಂದು ಕಡೆ. ಅದೂ ಮನೆಗೆಲಸ ಮಾಡುತ್ತೇವೆಂದು ಹೇಳಿದ ಗಂಡಸರ ಲೆಕ್ಕ. ಮಕ್ಕಳ, ಮುದುಕರ ಆರೈಕೆಯ ಹೊತ್ತು ಇದರಲ್ಲಿ ಸೇರಿಲ್ಲ. ನಮ್ಮ ಸೀಮೆಯಲ್ಲಿ ಇದರ ಮೇಲೆ ಇನ್ನೆರಡು ಪದರಗಳಿವೆ. ಮಳೆ ಕೈಕೊಟ್ಟ ವರ್ಷ ಗಂಡಸರು ಪುಣೆ, ಮುಂಬೈ, ಬೆಂಗಳೂರಿಗೆ ಗುಳೆ ಹೋದರೆ ಹೊಲ, ದನ, ಸಾಲ, ಮುದುಕರು ಎಲ್ಲ ಉಳಿದವಳ ಪಾಲು. ಮತ್ತೊಂದು ಪದರ ಸಾಲದ ಜಾಮೀನು. ಗುಂಪು ಸಾಲದಲ್ಲಿ ಒಬ್ಬಾಕೆ ಕಂತು ತಪ್ಪಿಸಿದರೆ ಉಳಿದವರು ತುಂಬಬೇಕು, ಅವಳ ಮನೆಗೆ ಹೋಗಿ ಕೇಳುವ ಮುಜುಗರವೂ ಗುಂಪಿನ ಗಟ್ಟಿಗಿತ್ತಿಯದೇ. ಕಿರುಸಾಲ ಕಂಪನಿಗಳ ವಸೂಲಿ ಕಿರುಕುಳ ತಡೆಯಲು 2025ರಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಆದರೆ ಓಣಿಯ ಗೆಳತಿಯ ಬಾಗಿಲಿಗೆ ಹೋಗಿ ನಿಲ್ಲಬೇಕಾದ ನೋವಿಗೆ ಯಾವ ಕಾನೂನೂ ತಡೆಯಾಗದು.

ಒಳಗಿನಿಂದ ಉರಿದು ಬರಿದಾಗುವ ಈ ಸ್ಥಿತಿಗೆ ಮನೋವಿಜ್ಞಾನ ‘ಬರ್ನ್‌ಔಟ್’ ಎಂದು ಹೆಸರಿಟ್ಟು ಅರ್ಧ ಶತಮಾನವಾಯಿತು. 1974ರಲ್ಲಿ ಹರ್ಬರ್ಟ್ ಫ್ರಾಯ್ಡನ್‌ಬರ್ಗರ್ ಎಂಬ ನ್ಯೂಯಾರ್ಕಿನ ಮನೋವಿಜ್ಞಾನಿ ಅದರ ಬಗ್ಗೆ ಬರೆದರು. ಅವರು ನೋಡಿದ್ದು ದೊಡ್ಡ ಕಂಪನಿಯ ಅಧಿಕಾರಿಗಳನ್ನಲ್ಲ. ಬಡವರಿಗಾಗಿ ನಡೆಯುತ್ತಿದ್ದ ಉಚಿತ ಚಿಕಿತ್ಸಾಲಯದಲ್ಲಿ ಮನಸಾರೆ ದುಡಿಯುತ್ತಿದ್ದ ಸ್ವಯಂಸೇವಕರನ್ನು. ಎಲ್ಲರಿಗಿಂತ ಹೆಚ್ಚು ಮನಸ್ಸಿಟ್ಟು ಮಾಡಿದವರೇ ಮೊದಲು ಬರಿದಾದರು ಎಂಬುದು ಅವರ ಗಮನಕ್ಕೆ ಬಂತು. ಆಶಾ ಕಾರ್ಯಕರ್ತೆಯರನ್ನೂ ಸರ್ಕಾರದ ಕಾಗದ ಸ್ವಯಂಸೇವಕಿಯರೆಂದೇ ಕರೆಯುತ್ತದೆ ಎನ್ನುವುದನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಮುಂದೆ ಕ್ರಿಸ್ಟಿನಾ ಮ್ಯಾಸ್ಲಾಕ್ ಈ ಸ್ಥಿತಿಗೆ ಮೂರು ಗುರುತು ಹೇಳಿದರು: ತೀರದ ದಣಿವು, ಮಾಡುವ ಕೆಲಸದಿಂದಲೂ ಜನರಿಂದಲೂ ಮನಸ್ಸು ದೂರ ಸರಿಯುವುದು, ಎಷ್ಟು ಮಾಡಿದರೂ ಏನೂ ಮಾಡಲಿಲ್ಲ ಅನ್ನಿಸುವುದು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಒಪ್ಪಿದ ರೋಗಗಳ ವರ್ಗೀಕರಣದ 11ನೇ ಆವೃತ್ತಿಯಲ್ಲಿ ಇದೇ ಮೂರು ಗುರುತುಗಳಿವೆ. ಆದರೆ ಅಲ್ಲೊಂದು ಷರತ್ತು ಇದೆ. ಈ ಹೆಸರು ಉದ್ಯೋಗದ ದಣಿವಿಗೆ ಮಾತ್ರ, ಬದುಕಿನ ಬೇರೆ ಭಾಗಗಳಿಗೆ ಬಳಸುವಂತಿಲ್ಲ. ಅಂದರೆ ನಸುಕಿನಲ್ಲಿ ಎದ್ದು ಹಿಟ್ಟು ನಾದುವವಳ ದಣಿವು ಆ ಪಟ್ಟಿಯ ಹೊರಗೆ ನಿಂತಿದೆ.

ಪಟ್ಟಿಯ ಹೊರಗೆ ನಿಂತವಳು ಎಲ್ಲಿಗೆ ಹೋಗುತ್ತಾಳೆ? ದೇವರ ಹತ್ತಿರ. ಇದನ್ನು ಮೂಢನಂಬಿಕೆ ಎಂದು ತಳ್ಳುವವರೂ ಇದ್ದಾರೆ, ಎಲ್ಲಕ್ಕೂ ಇದೇ ಮದ್ದು ಎನ್ನುವವರೂ ಇದ್ದಾರೆ. ಇಬ್ಬರಿಗೂ ನಾನು ಹೇಳಬೇಕೆಂದಿರುವುದು ಒಂದೇ. ಈ ಸೀಮೆಯಲ್ಲಿ ಹೆಣ್ಣಿಗೆ ರಜೆ ಕೊಡುವ ಅಧಿಕಾರ ಇರುವುದು ದೇವರಿಗೆ ಮಾತ್ರ. ‘ನನಗೆ ಸಾಕಾಗಿದೆ, ಎರಡು ದಿನ ಎಲ್ಲಾದರೂ ಹೋಗಿ ಬರುತ್ತೇನೆ’ ಎಂದರೆ ಮನೆ ತಲೆಕೆಳಗಾಗುತ್ತದೆ. ‘ಗಾಣಗಾಪುರಕ್ಕೆ ಹರಕೆ ಇದೆ’ ಎಂದರೆ ಗಂಡನೇ ಬಸ್ಸಿಗೆ ಬಿಟ್ಟು ಬರುತ್ತಾನೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದು ಟಿಕೆಟ್ಟಿನ ದುಡ್ಡು ಕೇಳುವ ತಾಪತ್ರಯವೂ ತಪ್ಪಿತು. ಹುಣ್ಣಿಮೆ, ಅಮಾವಾಸ್ಯೆ, ಗುರುವಾರಗಳಂದು ಕಲ್ಯಾಣ ಕರ್ನಾಟಕ ಸಾರಿಗೆಯ ಬಸ್ಸುಗಳಲ್ಲಿ ನೆರೆಯುವ ಹೆಂಗಸರನ್ನು ಕಂಡು ಕೆಲವರು ಮೂಗು ಮುರಿದರು. ನನಗಂತೂ ಅವರು, ಬಹಳ ವರ್ಷ ತಡವಾಗಿ ಸಿಕ್ಕ ರಜೆಗೆ ಹೊರಟವರಾಗಿ ಕಾಣುತ್ತಾರೆ.

ಅಫಜಲಪುರ ತಾಲ್ಲೂಕಿನ ದೇವಲ ಗಾಣಗಾಪುರದಲ್ಲಿ ಭೀಮಾ ಮತ್ತು ಅಮರ್ಜಾ ನದಿಗಳು ಕೂಡುತ್ತವೆ. ಹದಿನೈದನೆಯ ಶತಮಾನದಲ್ಲಿ ಅಲ್ಲಿ ನೆಲೆಸಿದ್ದ ನರಸಿಂಹ ಸರಸ್ವತಿಯವರನ್ನು ದತ್ತಾತ್ರೇಯನ ಅವತಾರವೆಂದು ಭಕ್ತರು ನಂಬುತ್ತಾರೆ. ನಿರ್ಗುಣ ಪಾದುಕೆಯ ದರ್ಶನಕ್ಕೆ ಕರ್ನಾಟಕದಷ್ಟೇ ಮಹಾರಾಷ್ಟ್ರದಿಂದಲೂ ಜನ ಬರುತ್ತಾರೆ. ಅಲ್ಲಿಯ ಒಂದು ಆಚರಣೆ ಮಧುಕರಿ. ಮಧ್ಯಾಹ್ನದ ಹೊತ್ತಿಗೆ ದತ್ತ ಯಾವುದೋ ರೂಪದಲ್ಲಿ ಭಿಕ್ಷೆಗೆ ಬರುತ್ತಾನೆ ಎಂಬ ನಂಬಿಕೆಯಿಂದ ಭಕ್ತರೂ ಜೋಳಿಗೆ ಹಿಡಿದು ಐದು ಮನೆಯ ಭಿಕ್ಷೆ ಬೇಡುತ್ತಾರೆ, ಸಿಕ್ಕದ್ದನ್ನು ಪ್ರಸಾದವೆಂದು ಉಣ್ಣುತ್ತಾರೆ. ಹಣವಂತರೂ ಬೇಡುತ್ತಾರೆ, ಅಧಿಕಾರಿಗಳೂ ಬೇಡುತ್ತಾರೆ. ಅಹಂಕಾರ ಕಳೆಯುವುದು ಇದರ ಉದ್ದೇಶ ಎಂದು ಸಾಮಾನ್ಯವಾಗಿ ವಿವರಿಸುತ್ತಾರೆ. ಗಂಡಸಿಗೆ ಅದು ಸರಿ ಇರಬಹುದು. ಆದರೆ ಇಪ್ಪತ್ತು ಮೂವತ್ತು ವರ್ಷ ಎಲ್ಲರಿಗೂ ಬಡಿಸಿ ಕೊನೆಗೆ ಉಳಿದದ್ದನ್ನು ಉಂಡ ಹೆಣ್ಣುಮಗಳು ಆ ಜೋಳಿಗೆ ಹಿಡಿದಾಗ ನಡೆಯುವುದೇ ಬೇರೆ. ಅವಳಲ್ಲಿ ಕಳೆಯಬೇಕಾದ ಅಹಂಕಾರ ಎಲ್ಲಿದೆ? ಅವಳಿಗೆ ಗೊತ್ತಿಲ್ಲದ್ದು ಕೈ ಚಾಚುವುದು. ಅವಳು ಮಾಡದ, ಅವಳು ಯೋಚಿಸದ, ಇನ್ನೊಬ್ಬರು ಬೇಯಿಸಿದ ಅನ್ನ ಅವಳ ಕೈಗೆ ಬರುತ್ತದೆ. ಅದಕ್ಕೆ ಪ್ರತಿಯಾಗಿ ಪಾತ್ರೆ ತೊಳೆಯಬೇಕಿಲ್ಲ. ಗಟ್ಟಿಗಿತ್ತಿಗೆ ಅತಿ ಕಷ್ಟದ ಸಾಧನೆ ಇದು, ಅತಿ ಅಗತ್ಯದ್ದೂ ಹೌದು. ಮಧುಕರಿಯ ಬಗ್ಗೆ ಬರೆದವರು ಹೆಣ್ಣಿನ ಕಡೆಯಿಂದ ಇದನ್ನು ನೋಡಿದ್ದು ಕಡಿಮೆ.

ಎಲ್ಲ ಧರ್ಮಗಳಲ್ಲೂ ಇಂಥ ಕಿಂಡಿಗಳಿವೆ. ನಮಾಜಿಗೆ ಕುಳಿತ ಅತ್ತಿಗೆಯನ್ನು ಯಾರೂ ಚಹಾ ಕೇಳುವುದಿಲ್ಲ, ದಿನಕ್ಕೆ ಐದು ಸಲ ಅವಳ ಹೊತ್ತು ಅವಳದಾಗುತ್ತದೆ. ಆಳಂದದ ಲಾಡ್ಲೆ ಮಶಾಕ್ ದರ್ಗಾದಲ್ಲೂ ಕಲಬುರಗಿಯ ಬಂದೇನವಾಜ್ ದರ್ಗಾದಲ್ಲೂ ಜಾತಿ ಮತ ನೋಡದೆ ಹೆಂಗಸರು ತಾಸುಗಟ್ಟಲೆ ಸುಮ್ಮನೆ ಕುಳಿತಿರುವುದುಂಟು. 2009ರಲ್ಲಿ ಕಲಬುರಗಿಯಲ್ಲಿ ಉದ್ಘಾಟನೆಯಾದ ಬುದ್ಧ ವಿಹಾರಕ್ಕೆ ಮಕ್ಕಳನ್ನು ಕರೆದುಕೊಂಡು ಹೋಗಿ ನೆರಳಲ್ಲಿ ಕೂಡುವವರಿದ್ದಾರೆ. ಶರಣರ ದಾರಿಯಲ್ಲಿ ನಡೆಯುವ ಮನೆಗಳಲ್ಲಂತೂ ಹೆಣ್ಣಿನ ಅಂಗೈಯಲ್ಲೇ ಇಷ್ಟಲಿಂಗವಿದೆ. ನಡುವೆ ಪೂಜಾರಿ ಬೇಕಿಲ್ಲ, ಗಂಡನ ಅಪ್ಪಣೆ ಬೇಕಿಲ್ಲ, ಮುಟ್ಟಿನ ಸೂತಕವನ್ನೂ ಹನ್ನೆರಡನೆಯ ಶತಮಾನದಲ್ಲೇ ಶರಣರು ನಿರಾಕರಿಸಿದ್ದಾರೆ. ಎಡಗೈಯಲ್ಲಿ ಲಿಂಗವಿಟ್ಟು ದೃಷ್ಟಿ ನೆಟ್ಟು ಕುಳಿತಷ್ಟು ಹೊತ್ತು ಅವಳು ಯಾರ ಸೊಸೆಯೂ ಅಲ್ಲ. ಎಷ್ಟು ಮನೆಗಳಲ್ಲಿ ಆ ಹೊತ್ತನ್ನು ಅವಳಿಗೆ ನಿಜವಾಗಿ ಬಿಟ್ಟುಕೊಡುತ್ತಾರೆ ಎಂಬುದು ಬೇರೆ ಮಾತು. ಹಾಲು ಉಕ್ಕುತ್ತಿದೆಯೇ ಎಂದು ಒಂದು ಕಿವಿ ಒಲೆಯ ಕಡೆ ಇಟ್ಟೇ ಪೂಜೆ ಮುಗಿಸುವವರು ಹೆಚ್ಚು.

ಈ ನೆಲಕ್ಕೆ ಇನ್ನೊಂದು ದೊಡ್ಡ ಆಸ್ತಿ ಇದೆ, ತತ್ವಪದ. ಯಡ್ರಾಮಿ ಸೀಮೆಯ ಕಡಕೋಳದ ಮಡಿವಾಳಪ್ಪ ಹತ್ತೊಂಬತ್ತನೆಯ ಶತಮಾನದ ದೊಡ್ಡ ತತ್ವಪದಕಾರ. ಚೆನ್ನೂರಿನ ಜಲಾಲ್ ಸಾಹೇಬರಂಥವರೂ ಆತನ ಶಿಷ್ಯರಾಗಿ ಪದ ಕಟ್ಟಿದರು. ಜಾತಿ, ಮತದ ಗೋಡೆಗಳನ್ನು ಕೇಳದ ಆ ಪರಂಪರೆ ಏಕತಾರಿ, ದಮ್ಮಡಿ, ತಾಳಗಳ ಭಜನೆಯಲ್ಲಿ ಇಂದಿಗೂ ಉಸಿರಾಡುತ್ತಿದೆ. ಭಜನೆಯಲ್ಲಿ ಕೂತವಳಿಗೆ ಒಳಗಿನ ಸಂಕಟವನ್ನು ತನ್ನ ಹೆಸರಿನಲ್ಲಿ ಹೇಳಬೇಕಾದ ಕಷ್ಟವಿಲ್ಲ, ಪದವೇ ಅದನ್ನು ಹೇಳುತ್ತದೆ, ಹತ್ತು ಜನ ಸೇರಿ ಹೇಳುತ್ತಾರೆ. ಹಿಂದೆ ಬೀಸುಕಲ್ಲಿನ ಮುಂದೆ ನಸುಕಿನಲ್ಲಿ ಹೆಂಗಸರು ಇದನ್ನೇ ಮಾಡುತ್ತಿದ್ದರು. ಊರಿಗೆ ಗಿರಣಿ ಬಂದು ರಟ್ಟೆಯ ನೋವು ಹೋಯಿತು, ಅದು ಒಳ್ಳೆಯದೇ. ಬೀಸುಕಲ್ಲು ಮರಳಿ ಬರಲಿ ಎಂದು ಅದನ್ನು ಬೀಸಿದ ಯಾರೂ ಬಯಸುವುದಿಲ್ಲ. ಆದರೆ ತವರಿನ ನೆನಪು, ಅತ್ತೆಯ ಮಾತು, ಶಿವನ ಮೇಲಿನ ಸಿಟ್ಟು ಎಲ್ಲವನ್ನೂ ಬಾಯಿಬಿಟ್ಟು ಹಾಡುತ್ತಿದ್ದ ಆ ನಸುಕಿನ ಹೊತ್ತು ಬೀಸುಕಲ್ಲಿನ ಜೊತೆಗೇ ಹೋಯಿತು. ಅದರ ಜಾಗದಲ್ಲಿ ಇನ್ನೊಂದು ಕೆಲಸ ಬಂದು ಕೂತಿತು.

ಈಗ ಕಹಿ ಮಾತಿಗೆ ಬರುತ್ತೇನೆ. ರಜೆ ಕೊಡಬಲ್ಲ ಅದೇ ದೇವರ ಹೆಸರಿನಲ್ಲಿ ಹೆಣ್ಣಿನ ಮೇಲೆ ಕೆಲಸ ಹೇರುವುದೂ ನಡೆಯುತ್ತದೆ. ಎಳ್ಳಮಾವಾಸ್ಯೆ ನಮ್ಮ ಜಿಲ್ಲೆಯ ಅತಿ ಚೆಂದದ ಹಬ್ಬ. ಹೊಲಕ್ಕೆ ಚರಗ ಚೆಲ್ಲಿ ಭೂತಾಯಿಗೆ ನಮಿಸುವ ದಿನ. ಆದರೆ ಆ ಭಜ್ಜಿ, ಸಜ್ಜಿ ರೊಟ್ಟಿ, ಕಡುಬು, ಶೇಂಗಾ ಹೋಳಿಗೆಯ ಹಿಂದೆ ಎಷ್ಟು ರಾತ್ರಿಗಳ ನಿದ್ದೆ ಹೋಗಿದೆ ಎಂದು ಬುತ್ತಿ ಬಿಚ್ಚುವಾಗ ಯಾರೂ ಕೇಳುವುದಿಲ್ಲ. ಶ್ರಾವಣದಲ್ಲಿ ಊರೂರಿನ ಮಠಗಳಲ್ಲಿ ಪುರಾಣ ಪ್ರವಚನ ಹಚ್ಚುತ್ತಾರೆ. ಶರಣಬಸವೇಶ್ವರರ ಪುರಾಣವೆಂದರೆ ಜನ ಕಿಕ್ಕಿರಿದು ಬರುತ್ತಾರೆ. ಅವರು ಹುಟ್ಟಿದ ಅರಳಗುಂಡಗಿ ಇದೇ ಸೀಮೆಯದು. 1746ರಲ್ಲಿ ಹುಟ್ಟಿ 1822ರವರೆಗೆ ಬಾಳಿದ ಅವರು ದಾಸೋಹವನ್ನೇ ಬದುಕಾಗಿಸಿಕೊಂಡವರು. ಆ ಪುರಾಣ ಕೇಳಲು ಬರುವ ಭಕ್ತರ ದಾಸೋಹಕ್ಕೆ ಮನೆಮನೆಯಿಂದ ರೊಟ್ಟಿ ಹೋಗುತ್ತದೆ. ರೊಟ್ಟಿ ಬಡಿದ ಕೈಗಳು ಅಡುಗೆಮನೆ ಸಾರಿಸಿ ಬರುವ ಹೊತ್ತಿಗೆ ಪುರಾಣದ ಅರ್ಧ ಮುಗಿದಿರುತ್ತದೆ. ಇದರ ಜೊತೆಗೆ ಟಿ.ವಿ. ಜ್ಯೋತಿಷಿಗಳು ಹೇಳುವ ಹೊಸ ಹೊಸ ವ್ರತಗಳು. ಮನೆಯಲ್ಲಿ ಏನು ಕೆಟ್ಟರೂ ಅವಳು ಒಂದು ಉಪವಾಸ ಕಡಿಮೆ ಮಾಡಿದ್ದೇ ಕಾರಣ. ಹೀಗಾದಾಗ ಭಕ್ತಿಯೂ ಅವಳ ಕೆಲಸದ ಪಟ್ಟಿಯಲ್ಲಿ ಇನ್ನೊಂದು ಸಾಲಾಗಿಬಿಡುತ್ತದೆ. ‘ದೇವರ ಮುಂದ ಕುಂತರೂ ಏನೂ ಅನಸವಲ್ದು’ ಎಂದು ಅವಳು ತನ್ನಲ್ಲೇ ದೋಷ ಹುಡುಕುತ್ತಾಳೆ. ದೋಷ ಅವಳ ಭಕ್ತಿಯದಲ್ಲ.

ಇಂಥವಳಿಗೆ ನಮ್ಮ ಉಪನ್ಯಾಸಕರು ಕೂಡಲೇ ಅಕ್ಕಮಹಾದೇವಿಯ ಉದಾಹರಣೆ ಕೊಡುತ್ತಾರೆ. ಅಕ್ಕನ ಎತ್ತರ ಯಾರಿಗಿದೆ? ಆದರೆ ಅಕ್ಕ ಅರಮನೆ ಬಿಟ್ಟು ಹೊರಟವಳು. ಯಡ್ರಾಮಿಯ ಗಟ್ಟಿಗಿತ್ತಿ ಮನೆ ಬಿಡುವುದಿಲ್ಲ, ಬಿಡಲು ಬಯಸುವುದೂ ಇಲ್ಲ. ಅವಳಿಗೆ ಹತ್ತಿರದವಳು ರಾಯಚೂರು ಜಿಲ್ಲೆಯ ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರದಿಂದ ಕಲ್ಯಾಣಕ್ಕೆ ಹೋದ ಆಯ್ದಕ್ಕಿ ಲಕ್ಕಮ್ಮ. ಗಂಡ ಮಾರಯ್ಯನ ಕಾಯಕ ಬಸವಣ್ಣನ ಮಹಾಮನೆಯ ಅಂಗಳದಲ್ಲಿ ಬಿದ್ದ ಅಕ್ಕಿ ಆಯ್ದು ತರುವುದು. ಒಂದು ದಿನ ಆತ ಎಂದಿಗಿಂತ ಹೆಚ್ಚು ಅಕ್ಕಿ ತಂದ. ಲಕ್ಕಮ್ಮ ಅದನ್ನು ಒಳಗೆ ತೆಗೆದುಕೊಳ್ಳಲಿಲ್ಲ. ಹೆಚ್ಚಿನದನ್ನು ಇದ್ದಲ್ಲಿಗೇ ಸುರಿದು ಬಾ ಎಂದು ಕಳಿಸಿದಳು. ದಿನದ ಅಕ್ಕಿಯಲ್ಲೇ ದಾಸೋಹ ನಡೆಸಿದಳು. ಈ ಕಥೆಯನ್ನು ನಾವು ದುರಾಸೆಯ ವಿರುದ್ಧದ ಪಾಠವಾಗಿ ಶಾಲೆಯಲ್ಲಿ ಓದಿದ್ದೇವೆ. ನನಗೆ ಇದರಲ್ಲಿ ಇನ್ನೊಂದು ಮಾತೂ ಕೇಳಿಸುತ್ತದೆ. ಹೆಚ್ಚಿನ ಅಕ್ಕಿ ಎಂದರೆ ಹೆಚ್ಚಿನ ಆರಿಸುವಿಕೆ, ಹೆಚ್ಚಿನ ಬೇಯಿಸುವಿಕೆ, ನಾಳೆಯ ಚಿಂತೆ. ಇಷ್ಟು ಸಾಕು ಎಂದು ಹೇಳಿದವಳು ಮನೆಯ ಹೆಣ್ಣು, ಅದನ್ನು ಕೇಳಿ ತಿರುಗಿ ಹೋದವನು ಗಂಡ. ಅವಳ ಭಕ್ತಿಗೆ ಅದರಿಂದ ಒಂದು ಕೂದಲೆಳೆಯಷ್ಟೂ ಕುಂದು ಬರಲಿಲ್ಲ, ಶರಣರ ನಡುವೆ ಅವಳ ಗೌರವ ಹೆಚ್ಚಿತು. ಹೆಚ್ಚು ಮಾಡಿದಷ್ಟೂ ಹೆಚ್ಚು ಭಕ್ತಿ ಎಂದು ನಂಬಿ ಬೆಳೆದವಳಿಗೆ, ಬೇಡ ಎಂದು ತಿರುಗಿಸಿ ಕಳಿಸುವುದೂ ಶಿವನಿಗೆ ಒಪ್ಪಿಗೆ ಎಂದು ಧೈರ್ಯ ಹೇಳಬಲ್ಲವಳು ಲಕ್ಕಮ್ಮ.

ನಂಬಿಕೆಯಿಂದ ಮನಸ್ಸು ಚೇತರಿಸುತ್ತದೆಯೇ ಎಂದು ವೈದ್ಯರೂ ನೋಡಿದ್ದಾರೆ. ನಿಮ್ಹಾನ್ಸ್‌ನ ಆರ್. ರಘುರಾಮ್ ಮತ್ತು ಸಂಗಡಿಗರು ತಮಿಳುನಾಡಿನ ಮುತ್ತುಸ್ವಾಮಿ ದೇವಾಲಯವೊಂದರಲ್ಲಿ ತಂಗಿದ್ದ 31 ಮನೋರೋಗಿಗಳನ್ನು ಗಮನಿಸಿ 2002ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ವರದಿ ಪ್ರಕಟಿಸಿದರು. ಔಷಧಿ ಇಲ್ಲದೆ, ಯಾವ ವಿಶೇಷ ವಿಧಿಯೂ ಇಲ್ಲದೆ, ಅಂಗಳ ಗುಡಿಸಿ, ಪ್ರಾರ್ಥಿಸಿ ಕೆಲವು ವಾರ ಅಲ್ಲಿದ್ದವರ ರೋಗಲಕ್ಷಣಗಳ ಅಂಕ ಸುಮಾರು ಶೇ 20ರಷ್ಟು ಇಳಿದಿತ್ತು. ಹೆದರಿಸದ, ಆಸರೆಯಾಗುವ ವಾತಾವರಣವೇ ಇದಕ್ಕೆ ಕಾರಣವಿರಬೇಕು ಎಂದು ಅವರು ಬರೆದರು. ಅದೇ ತಮಿಳುನಾಡಿನ ಏರ್ವಾಡಿಯಲ್ಲಿ, ದರ್ಗಾದ ನಂಬಿಕೆಯಿಂದ ಬಂದವರನ್ನು ಇಟ್ಟುಕೊಂಡಿದ್ದ ಖಾಸಗಿ ಆಶ್ರಯವೊಂದಕ್ಕೆ 2001ರ ಆಗಸ್ಟ್ 6ರಂದು ಬೆಂಕಿ ಬಿತ್ತು. ಸರಪಳಿ ಬಿಗಿದಿದ್ದ ಕಾರಣ ತಪ್ಪಿಸಿಕೊಳ್ಳಲಾಗದೆ 28 ಜನ ಸತ್ತರು. ಎರಡೂ ಕಡೆ ಇದ್ದದ್ದು ನಂಬಿಕೆಯೇ. ಒಂದು ಕಡೆ ಅದು ಮನುಷ್ಯರನ್ನು ಹಗುರಾಗಿ ಇರಗೊಟ್ಟಿತು, ಇನ್ನೊಂದು ಕಡೆ ಅದರ ಹೆಸರಿನಲ್ಲಿ ಕಟ್ಟಿಹಾಕಿದರು.

ದಣಿವೆಲ್ಲ ಮನಸ್ಸಿನದೇ ಎಂದುಕೊಳ್ಳುವುದೂ ತಪ್ಪು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ 47.8ರಷ್ಟು ಮಂದಿಗೆ ರಕ್ತಹೀನತೆ ಇದೆ. ಮೆಟ್ಟಿಲು ಹತ್ತಿದರೆ ಏದುಸಿರು, ಕಣ್ಣು ಕತ್ತಲಿಡುವುದು, ಯಾವುದರಲ್ಲೂ ಮನಸ್ಸಿಲ್ಲದಿರುವುದು ಇದರಿಂದಲೂ ಆಗಬಹುದು, ಥೈರಾಯಿಡ್‌ನಿಂದಲೂ ಆಗಬಹುದು. ರಕ್ತದ ಒಂದು ಪರೀಕ್ಷೆ, ಕಬ್ಬಿಣಾಂಶದ ಗುಳಿಗೆ ಮಾಡುವ ಕೆಲಸವನ್ನು ಸಲೈನ್ ಮಾಡದು. ಬೇಸರ ವಾರಗಟ್ಟಲೆ ಬಿಡದೆ ಕಾಡಿದರೆ, ನಿದ್ದೆ ಹೊರಟುಹೋದರೆ, ಬದುಕಿ ಏನು ಪ್ರಯೋಜನ ಎಂಬ ಯೋಚನೆ ಒಮ್ಮೆ ಬಂದರೂ ಸಾಕು, ಅದು ವೈದ್ಯರ ಹತ್ತಿರ ಹೋಗಬೇಕಾದ ಹೊತ್ತು. ಮನೋರೋಗದ ಚಿಕಿತ್ಸೆಯನ್ನು ಹಳ್ಳಿಯ ಆರೋಗ್ಯ ಕೇಂದ್ರಕ್ಕೆ ಒಯ್ಯಬಹುದೆಂದು ಇಡೀ ದೇಶಕ್ಕೆ ತೋರಿಸಿದ್ದು 1980ರ ದಶಕದಲ್ಲಿ ನಿಮ್ಹಾನ್ಸ್ ನಮ್ಮ ಬಳ್ಳಾರಿಯಲ್ಲಿ ಮಾಡಿದ ಪ್ರಯೋಗ. ಈಗ ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ನಿಗದಿತ ಮಂಗಳವಾರ ಮನೋವೈದ್ಯರ ಸೇವೆ ಇದೆ. 2022ರ ಅಕ್ಟೋಬರ್‌ನಲ್ಲಿ ಶುರುವಾದ ಟೆಲಿ ಮಾನಸ್‌ನ 14416 ಸಂಖ್ಯೆಗೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಮಂಗಳವಾರದ ಆಸ್ಪತ್ರೆಗೂ ಗುರುವಾರದ ಗಾಣಗಾಪುರಕ್ಕೂ ಜಗಳವಿಲ್ಲ, ಒಂದೇ ಬಸ್ಸಿನಲ್ಲಿ ಎರಡಕ್ಕೂ ಹೋಗಬಹುದು.

ಹಾಗಾದರೆ ಊರು ಏನು ಮಾಡಬೇಕು? ಸಹಾಯ ಮಾಡುತ್ತೇವೆ ಹೇಳು ಎಂದರೆ ಗಟ್ಟಿಗಿತ್ತಿ ಎಂದೂ ಹೇಳುವುದಿಲ್ಲ. ಯಾರಿಗೆ ಏನು ಹಚ್ಚಬೇಕು ಎಂದು ಯೋಚಿಸುವುದೂ ಅವಳಿಗೆ ಒಂದು ಕೆಲಸವೇ. ಕೇಳದೆಯೇ ಒಂದು ಕೆಲಸವನ್ನು ಪೂರ್ತಿಯಾಗಿ, ಕಾಯಮ್ಮಾಗಿ ಎತ್ತಿಕೊಂಡುಬಿಡಬೇಕು. ಅತ್ತೆಯ ಗುಳಿಗೆ ಇನ್ನು ಮಗನದು, ಸಂಘದ ಪುಸ್ತಕ ಈ ವರ್ಷ ಇನ್ನೊಬ್ಬಾಕೆಯದು, ಹೀಗೆ. ಮಠಗಳಿಗೂ ಇದರಲ್ಲಿ ದೊಡ್ಡ ಪಾಲಿದೆ, ಏಕೆಂದರೆ ಅವುಗಳ ಮಾತನ್ನು ಮನೆಯ ಹಿರಿಯರು ತೆಗೆದುಹಾಕುವುದಿಲ್ಲ. ಶ್ರಾವಣದ ಪುರಾಣದಲ್ಲಿ ಮೈಕಿನ ಮುಂದೆ ದಾನಿಗಳ ಹೆಸರು ಓದುವಾಗಲೇ ರಕ್ತಪರೀಕ್ಷೆಯ ಶಿಬಿರ ಯಾವತ್ತು ಎಂದೂ ಹೇಳಬಹುದು, 14416 ಎಂದೂ ಹೇಳಬಹುದು. ಲಕ್ಕಮ್ಮನ ಕಥೆ ಹೇಳುವ ಸಂಜೆ ಗಂಡಸರನ್ನು ಮುಂದೆ ಕೂರಿಸಿ ಹೇಳಬಹುದು. ಜಾತ್ರೆಯ ದಾಸೋಹದಲ್ಲಿ ಕೊಪ್ಪರಿಗೆಗಟ್ಟಲೆ ಹುಗ್ಗಿಯನ್ನು ಕುದಿಸಿ ಇಳಿಸುವವರು ಬಹುಪಾಲು ಗಂಡಸರೇ, ಆದ್ದರಿಂದ ಅವರಿಗೆ ಅಡುಗೆ ಬರುವುದಿಲ್ಲ ಎಂಬ ಮಾತು ನಡೆಯುವುದಿಲ್ಲ. ಪುರಾಣ ಹಚ್ಚುವ ಮೊದಲು ಯಾವ ದಿನ ಯಾವ ಓಣಿಯ ರೊಟ್ಟಿ ಎಂದು ಪಟ್ಟಿ ಬರೆಯುತ್ತಾರಲ್ಲ, ಬರುವ ಶ್ರಾವಣದಲ್ಲಿ ಅದರಲ್ಲಿ ಕೆಲವು ದಿನಗಳನ್ನು ಗಂಡಸರ ಹೆಸರಿಗೆ ಬರೆಯಬೇಕು.